ವಿಪತ್ತು ತರಬೇತಿಗೆ ಸರ್ಕಾರದ ಅನುದಾನ: ಆ ದುಡ್ಡು ಯಾರ ಖಾತೆಗೆ ಹೋಗುತ್ತದೆ?

ಮಳೆಗಾಲ ಶುರುವಾದರೆ, ಎಲ್ಲಾದರೂ ಗುಡ್ಡ ಕುಸಿದರೆ ಅಥವಾ ಟಿವಿಯಲ್ಲಿ ಅಣಕು ಕಾರ್ಯಾಚರಣೆಯ ಸುದ್ದಿ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಜಾತಿಯ ಸಂದೇಶಗಳು ಓಡಾಡತೊಡಗುತ್ತವೆ. ಪದಗಳು ಬೇರೆ ಬೇರೆ ಇರುತ್ತವೆ, ಅಚ್ಚು ಮಾತ್ರ ಒಂದೇ: "ವಿಪತ್ತು ನಿರ್ವಹಣಾ ತರಬೇತಿಗೆ ಕೇಂದ್ರ ಸರ್ಕಾರದಿಂದ ಕೋಟ್ಯಂತರ ರೂಪಾಯಿ ಅನುದಾನ. ತರಬೇತಿ ಪಡೆದವರ ಖಾತೆಗೆ ನೇರ ಹಣ. ಸರ್ಕಾರಿ ಗುರುತಿನ ಚೀಟಿ, ಕೆಲಸ ಗ್ಯಾರಂಟಿ. ಕೆಳಗಿನ ಲಿಂಕ್ ಒತ್ತಿ, ಇವತ್ತೇ ಕೊನೆ ದಿನ."

ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಅನುದಾನ ಇರುವುದು ನಿಜ, ಅದು ಕೋಟ್ಯಂತರ ರೂಪಾಯಿ ಎಂಬುದೂ ನಿಜ. ಸಾಮಾನ್ಯ ಜನರಿಗೆ ತರಬೇತಿ ಕೊಡುವ ಯೋಜನೆಯೂ ಇದೆ. ಆದರೆ ಆ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರುವುದಿಲ್ಲ. ಅದು ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ ಅಥವಾ ಇಲಾಖೆಗೆ ಹೋಗುತ್ತದೆ. ನಿಮಗೆ ಸಿಗುವುದು ತರಬೇತಿ, ಒಂದು ಕಿಟ್ ಮತ್ತು ವಿಮೆ. ಅದಕ್ಕೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಇಷ್ಟು ಗೊತ್ತಿದ್ದರೆ ಮೋಸ ಹೋಗುವುದು ತಪ್ಪುತ್ತದೆ. ಆದರೆ ವಿಷಯ ಅಲ್ಲಿಗೇ ನಿಲ್ಲುವುದಿಲ್ಲ. ಸುಳ್ಳು ಲಿಂಕ್‌ಗಳ ಗದ್ದಲದಲ್ಲಿ ನಿಜವಾದ ತರಬೇತಿಯ ವಿಷಯ ಯಾರಿಗೂ ತಲುಪುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಯಾರಿಗೆ ತರಬೇತಿ ಆಗಿದೆ ಎಂದು ಕೇಳುವವರೂ ಇರುವುದಿಲ್ಲ.

ಮೊದಲು ಒಂದು ಹೆಸರಿನ ಗೊಂದಲ

ಎನ್‌ಡಿಆರ್‌ಎಫ್ ಎಂದ ಕೂಡಲೇ ನಮಗೆ ನೆನಪಾಗುವುದು ಕಿತ್ತಳೆ ಬಣ್ಣದ ಸಮವಸ್ತ್ರ ತೊಟ್ಟು ದೋಣಿಯಲ್ಲಿ ಬರುವ ಜವಾನರು. ಅದು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ. ಆದರೆ ಅದೇ ನಾಲ್ಕು ಅಕ್ಷರದ ಇನ್ನೊಂದು ಎನ್‌ಡಿಆರ್‌ಎಫ್ ಇದೆ, ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿ. ಒಂದು ಜನರ ತಂಡ, ಇನ್ನೊಂದು ಹಣದ ಖಾತೆ. ಎರಡೂ ಹುಟ್ಟಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ. ರಾಜ್ಯ ಮಟ್ಟದಲ್ಲೂ ಇದೇ ಕಥೆ: ಎಸ್‌ಡಿಆರ್‌ಎಫ್ ಎಂದರೆ ಪಡೆಯೂ ಹೌದು, ನಿಧಿಯೂ ಹೌದು. ಇಂಗ್ಲಿಷ್‌ನ ಕೊನೆಯ ಅಕ್ಷರ ಒಂದೇ ಆದದ್ದರಿಂದ ಆದ ಫಜೀತಿ ಇದು.

2023ರ ಬರಕ್ಕೆ ಕರ್ನಾಟಕ 18,171 ಕೋಟಿ ರೂಪಾಯಿ ಕೇಳಿ, ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ, 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಪಡೆದದ್ದು ನಿಮಗೆ ನೆನಪಿರಬಹುದು. ಆಗ ಪತ್ರಿಕೆಗಳಲ್ಲಿ ಬರುತ್ತಿದ್ದ ಎನ್‌ಡಿಆರ್‌ಎಫ್ ಈ ನಿಧಿ. "ಎನ್‌ಡಿಆರ್‌ಎಫ್‌ಗೆ ಇಷ್ಟು ಕೋಟಿ ಬಿಡುಗಡೆ" ಎಂಬ ಸುದ್ದಿ ಓದಿದವರು ಅದನ್ನು ಪಡೆಯ ನೇಮಕಾತಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಫಾರ್ವರ್ಡ್ ಬರೆಯುವವರಿಗೆ ಇಂಥ ಗೊಂದಲವೇ ಬಂಡವಾಳ.

ದುಡ್ಡು ಎಲ್ಲಿಂದ ಬರುತ್ತದೆ?

ವಿಪತ್ತಿಗೆ ಎಷ್ಟು ಹಣ ಎತ್ತಿಡಬೇಕು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗಳಿಗೆ ಒಟ್ಟು 1,60,153 ಕೋಟಿ ರೂಪಾಯಿ ಎಂದು ಹೇಳಿತು. ಇದರಲ್ಲಿ ಕೇಂದ್ರದ ಪಾಲು 1,22,601 ಕೋಟಿ, ಉಳಿದದ್ದು ರಾಜ್ಯಗಳದ್ದೇ. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರ 75 ರೂಪಾಯಿ ಕೊಟ್ಟರೆ ರಾಜ್ಯ 25 ರೂಪಾಯಿ ಸೇರಿಸಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಇದು 90ಕ್ಕೆ 10. ಇದಲ್ಲದೆ ರಾಷ್ಟ್ರ ಮಟ್ಟದ ನಿಧಿಗಳಿಗೆ ಬೇರೆಯಾಗಿ 68,463 ಕೋಟಿ.

ಇನ್ನು ಈ ಲೇಖನಕ್ಕೆ ಬೇಕಾದ ಮುಖ್ಯ ಭಾಗ. ಈ ಆಯೋಗ ಹಣವನ್ನು ಒಂದೇ ಮೂಟೆಯಾಗಿ ಕೊಡದೆ ಯಾವುದಕ್ಕೆ ಎಷ್ಟು ಎಂದು ಗೆರೆ ಎಳೆದು ಕೊಟ್ಟಿತು. ನೂರು ರೂಪಾಯಿ ಇದ್ದರೆ 20 ರೂಪಾಯಿ ವಿಪತ್ತೇ ಆಗದಂತೆ, ಆದರೂ ಹಾನಿ ಕಡಿಮೆಯಾಗುವಂತೆ ಮುಂಚಿತವಾಗಿ ಮಾಡುವ ಕೆಲಸಗಳಿಗೆ. 40 ರೂಪಾಯಿ ವಿಪತ್ತಾದಾಗಿನ ರಕ್ಷಣೆ ಮತ್ತು ಪರಿಹಾರಕ್ಕೆ. 30 ರೂಪಾಯಿ ಆಮೇಲೆ ಮತ್ತೆ ಕಟ್ಟಿಕೊಳ್ಳಲು. ಕೊನೆಯ 10 ರೂಪಾಯಿ ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿಗೆ. ತರಬೇತಿಯ ದುಡ್ಡು ಇರುವುದು ಈ ಕೊನೆಯ ಹತ್ತು ರೂಪಾಯಿಯಲ್ಲಿ. ರಾಜ್ಯಗಳ ಮಟ್ಟದಲ್ಲಿ ಲೆಕ್ಕ ಹಾಕಿದರೆ ಐದು ವರ್ಷಕ್ಕೆ ಸುಮಾರು 16,015 ಕೋಟಿ, ರಾಷ್ಟ್ರ ಮಟ್ಟದಲ್ಲಿ ಸುಮಾರು 6,846 ಕೋಟಿ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ಸಾಮರ್ಥ್ಯ ವೃದ್ಧಿಗೆಂದು ದೇಶಕ್ಕೆಲ್ಲ ಸೇರಿ ಕೊಟ್ಟಿದ್ದು 525 ಕೋಟಿ. ಆಮೇಲೆ ರಾಜ್ಯ ನಿಧಿಯ ಶೇ 5ಕ್ಕೆ ಮೀರದಂತೆ ತರಬೇತಿಗೆ ಬಳಸಬಹುದು ಎಂಬ ನಿಯಮವಿತ್ತು. ಅಂದರೆ ಬೇಕಾದರೆ ಬಳಸಿ, ಬೇಡವಾದರೆ ಬಿಡಿ ಎಂದಂತೆ. 15ನೇ ಆಯೋಗ ಅದನ್ನು ಪ್ರತ್ಯೇಕ ಕಿಟಕಿ ಮಾಡಿ ಪಾಲು ಗೊತ್ತು ಮಾಡಿತು. ಸಿದ್ಧತೆಯ ವಿಷಯದಲ್ಲಿ ಇದು ದೊಡ್ಡ ಬದಲಾವಣೆ, ಆದರೆ ಯಾವ ಟಿವಿ ಚರ್ಚೆಯಲ್ಲೂ ಇದು ಬಂದದ್ದನ್ನು ನಾನು ನೋಡಿಲ್ಲ. 2026ರಿಂದ ಮುಂದಿನ ಐದು ವರ್ಷದ ಹಂಚಿಕೆಯ ಶಿಫಾರಸು 16ನೇ ಹಣಕಾಸು ಆಯೋಗದ ಕೆಲಸ.

ಸಿದ್ಧತೆ ಎಂದರೆ ತರಬೇತಿ ಮಾತ್ರವಲ್ಲ ಎಂಬುದನ್ನೂ ಗಮನಿಸಿ. ಉಪಕರಣ, ನಿಯಂತ್ರಣ ಕೊಠಡಿ, ಮುನ್ನೆಚ್ಚರಿಕೆ ವ್ಯವಸ್ಥೆ ಎಲ್ಲವೂ ಅದರಲ್ಲೇ ಬರಬೇಕು. ರಾಷ್ಟ್ರ ಮಟ್ಟದ ಆ 6,846 ಕೋಟಿಯಲ್ಲಿ 5,000 ಕೋಟಿಯನ್ನು ರಾಜ್ಯಗಳ ಅಗ್ನಿಶಾಮಕ ಸೇವೆ ಬಲಪಡಿಸಲು ಮೀಸಲಿಡಲಾಯಿತು. ಕೇಂದ್ರ ಗೃಹ ಸಚಿವಾಲಯ 2023ರ ಜುಲೈನಲ್ಲಿ ಇದಕ್ಕೆ ಯೋಜನೆ ಪ್ರಕಟಿಸಿತು. ಊರಿಗೆ ಹೊಸ ಫೈರ್ ಎಂಜಿನ್ ಬಂದರೆ ಬೇಡ ಎನ್ನುವವರು ಯಾರೂ ಇಲ್ಲ. ಆದರೆ "ಸಿದ್ಧತೆಗೆ ಸಾವಿರಾರು ಕೋಟಿ" ಎಂಬ ಸಾಲನ್ನು "ತರಬೇತಿ ಪಡೆಯುವವರಿಗೆ ಸಾವಿರಾರು ಕೋಟಿ" ಎಂದು ಓದಿಕೊಂಡರೆ ಲೆಕ್ಕ ತಪ್ಪುತ್ತದೆ.

ಆಪದ ಮಿತ್ರ: ಜನಸಾಮಾನ್ಯರಿಗೆ ಇರುವ ಯೋಜನೆ

ಸಾಮಾನ್ಯ ಜನರನ್ನು ನೇರವಾಗಿ ತಲುಪುವ ಯೋಜನೆಯ ಹೆಸರು ಆಪದ ಮಿತ್ರ. ಆಪತ್ತಿಗಾಗುವ ಸ್ನೇಹಿತ ಎಂದು ಅರ್ಥ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದನ್ನು 2016ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. 25 ರಾಜ್ಯಗಳಲ್ಲಿ ಪ್ರವಾಹದ ಭಯವಿರುವ 30 ಜಿಲ್ಲೆ, ಜಿಲ್ಲೆಗೆ 200 ಜನರಂತೆ 6,000 ಸ್ವಯಂಸೇವಕರು. ಇದು ಕೆಲಸ ಮಾಡುತ್ತದೆ ಎಂದು ಕಂಡ ಮೇಲೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಜನರಿಗೆ ತರಬೇತಿ ಕೊಡುವ ವಿಸ್ತರಣೆ ಬಂತು. ಅದರ ವೆಚ್ಚ 369.41 ಕೋಟಿ ರೂಪಾಯಿ. ಪ್ರವಾಹದ ಜೊತೆಗೆ ಭೂಕುಸಿತ, ಚಂಡಮಾರುತ, ಭೂಕಂಪವೂ ಸೇರಿದವು.

ಅದರ ಮುಂದಿನ ಹೆಜ್ಜೆ ಯುವ ಆಪದ ಮಿತ್ರ. ಎನ್‌ಸಿಸಿ, ಎನ್‌ಎಸ್‌ಎಸ್, ನೆಹರು ಯುವ ಕೇಂದ್ರ ಮತ್ತು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಸುಮಾರು 2.37 ಲಕ್ಷ ಯುವಜನರಿಗೆ 315 ಜಿಲ್ಲೆಗಳಲ್ಲಿ ತರಬೇತಿ. ವೆಚ್ಚ 470.50 ಕೋಟಿ, ಅದೂ ಮೇಲೆ ಹೇಳಿದ ಸಿದ್ಧತೆಯ ಕಿಟಕಿಯಿಂದಲೇ.

ಈಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 369.41 ಕೋಟಿಯನ್ನು ಒಂದು ಲಕ್ಷದಿಂದ ಭಾಗಿಸಿದರೆ ತಲಾ ಸುಮಾರು 36,900 ರೂಪಾಯಿ. 470.50 ಕೋಟಿಯನ್ನು 2.37 ಲಕ್ಷದಿಂದ ಭಾಗಿಸಿದರೆ ತಲಾ ಸುಮಾರು 19,800. "ಪ್ರತಿಯೊಬ್ಬರಿಗೂ 36 ಸಾವಿರ" ಎಂದು ಬರೆದು ಕಳಿಸಲು ಇಷ್ಟೇ ಸಾಕು. ಆದರೆ ಆ ತಲಾ ಲೆಕ್ಕದೊಳಗೆ ತರಬೇತಿ, ಕಿಟ್, ವಿಮೆ ಮತ್ತು ಯೋಜನೆ ನಡೆಸುವ ಖರ್ಚು ಸೇರಿದೆ. ಅಂಗನವಾಡಿಯಲ್ಲಿ ಒಂದು ಮಗುವಿಗೆ ಇಷ್ಟು ಖರ್ಚಾಗುತ್ತದೆ ಎಂದರೆ ಆ ದುಡ್ಡು ಮಗುವಿನ ಜೇಬಿಗೆ ಹೋಗುತ್ತದೆ ಎಂದಲ್ಲವಲ್ಲ, ಹಾಗೆಯೇ.

ಹಾಗಾದರೆ ಸ್ವಯಂಸೇವಕರಿಗೆ ಸಿಗುವುದೇನು? ಆಪದ ಮಿತ್ರದಲ್ಲಿ 12 ದಿನಗಳ ತರಬೇತಿ ಇರುತ್ತದೆ. ಪ್ರವಾಹದಲ್ಲಿ ರಕ್ಷಣೆ, ಹುಡುಕಾಟ, ಹಗ್ಗದ ಗಂಟುಗಳು, ಕೈಗೆ ಸಿಕ್ಕಿದ ಬಾಟಲಿ ಮತ್ತು ಬಿದಿರಿನಲ್ಲಿ ತೆಪ್ಪ ಕಟ್ಟುವುದು, ಸ್ಟ್ರೆಚರ್ ಮಾಡಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಸಿಪಿಆರ್ ಇಂಥವು. ಮುಗಿದ ಮೇಲೆ ಒಂದು ಕಿಟ್ ಕೊಡುತ್ತಾರೆ: ಲೈಫ್ ಜಾಕೆಟ್, ಹೆಲ್ಮೆಟ್, ಗಂಬೂಟು, ಕೈಗವಸು, ಟಾರ್ಚ್, ವಿಷಲ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸೊಳ್ಳೆ ಪರದೆ ಸೇರಿದಂತೆ. ಮೂರು ವರ್ಷದ ಗುಂಪು ವಿಮೆಯೂ ಇದೆ. ವಯಸ್ಸು 18ರಿಂದ 40ರೊಳಗಿರಬೇಕು, ಆ ಜಿಲ್ಲೆಯವರಾಗಿರಬೇಕು, ಮೈಯಲ್ಲಿ ಕಸುವಿರಬೇಕು.

ಸಂಬಳ ಇಲ್ಲ. ಸರ್ಕಾರಿ ನೌಕರಿ ಅಲ್ಲ. ಮುಂದೆ ಕಾಯಂ ಮಾಡುತ್ತಾರೆ ಎಂಬ ಭರವಸೆಯೂ ಯೋಜನೆಯಲ್ಲಿ ಇಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಸರ್ಕಾರಿ ಮುದ್ರೆ ಇರುವ ಯಾವ ಸರ್ಟಿಫಿಕೇಟ್ ಸಿಕ್ಕರೂ "ಮುಂದೆ ಏನಾದರೂ ಆಗುತ್ತದೆ" ಎಂಬ ಆಸೆ ಹುಟ್ಟುತ್ತದೆ. ಆ ಆಸೆಯನ್ನೇ ಮಾರುವವರು ಇದ್ದಾರೆ.

ಪಡೆ ಇರುವಾಗ ಊರಿನವರಿಗೇಕೆ ತರಬೇತಿ?

ಕರ್ನಾಟಕದ ಹೊಣೆ ಹೊತ್ತಿರುವುದು ಎನ್‌ಡಿಆರ್‌ಎಫ್‌ನ 10ನೇ ಬೆಟಾಲಿಯನ್. ಅದರ ಕೇಂದ್ರ ಇರುವುದು ಆಂಧ್ರದ ವಿಜಯವಾಡದ ಬಳಿ. ಮಳೆಗಾಲದಲ್ಲಿ ತಂಡಗಳನ್ನು ಮುಂಚಿತವಾಗಿಯೇ ರಾಜ್ಯಕ್ಕೆ ತಂದು ಇರಿಸುತ್ತಾರೆ, ನಿಜ. ಹಾಗಿದ್ದರೂ ರಸ್ತೆಯೇ ಕೊಚ್ಚಿಹೋದ ಜಾಗಕ್ಕೆ ತಲುಪಲು ಗಂಟೆಗಳು ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ದಾರಿಗಳೇ ಕಡಿದುಹೋಗಿದ್ದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಅಲ್ಲಿಯ ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೆಯಿತು. ಪಡೆಗಳ ಜೊತೆಗೆ ಆ ಕೆಸರು ನೀರಿಗೆ ಇಳಿದವರಲ್ಲಿ ಮಲ್ಪೆಯ ಮುಳುಗು ತಜ್ಞ ಈಶ್ವರ ಮಲ್ಪೆ ಅವರೂ ಇದ್ದರು. ನೀರಿನ ಗುಣ ಬಲ್ಲ ಸ್ಥಳೀಯರ ಬೆಲೆ ಎಷ್ಟೆಂದು ಅಲ್ಲಿ ಇಡೀ ರಾಜ್ಯ ನೋಡಿತು.

ಗುಡ್ಡ ಕುಸಿತದಂಥ ದೊಡ್ಡ ಘಟನೆ ಬಿಡಿ. ಕೆರೆಯಲ್ಲಿ ಒಂದು ಮಗು ಮುಳುಗಿತು ಎಂದುಕೊಳ್ಳಿ. ಮಿದುಳಿಗೆ ಆಮ್ಲಜನಕ ನಿಂತರೆ 4ರಿಂದ 6 ನಿಮಿಷದೊಳಗೆ ಹಾನಿ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಯಾವ ಪಡೆಯೂ, ಯಾವ ಆಂಬುಲೆನ್ಸ್ ಕೂಡ ಹಳ್ಳಿ ಕೆರೆಗೆ ಬರಲಾರದು. ಅಲ್ಲಿ ಇರುವವರು ಬಟ್ಟೆ ಒಗೆಯುತ್ತಿದ್ದವರು, ದನ ಮೇಯಿಸುತ್ತಿದ್ದವರು, ಜೊತೆಗೆ ಈಜಲು ಬಂದ ಹುಡುಗರು. ಅವರಲ್ಲಿ ಒಬ್ಬರಿಗೆ ಏನು ಮಾಡಬೇಕೆಂದು ಗೊತ್ತಿದೆಯೇ ಇಲ್ಲವೇ ಎಂಬುದರ ಮೇಲೆ ಆ ಮಗುವಿನ ಜೀವ ನಿಂತಿರುತ್ತದೆ.

ಗೊತ್ತಿಲ್ಲದಿದ್ದಾಗ ಆ ಜಾಗವನ್ನು ಫಾರ್ವರ್ಡ್ ತುಂಬುತ್ತದೆ. "ನೀರಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಕೆಲವು ಗಂಟೆಗಳಲ್ಲಿ ಜೀವ ಬರುತ್ತದೆ" ಎಂಬ ಸಂದೇಶ ನಿಮಗೂ ಬಂದಿರಬಹುದು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಮರುವರ್ಷ ಹಾವೇರಿ ಜಿಲ್ಲೆಯಲ್ಲಿ ಇದನ್ನು ನಂಬಿ ಮಕ್ಕಳ ದೇಹವನ್ನು ಉಪ್ಪಿನ ರಾಶಿಯಲ್ಲಿ ಇಟ್ಟು ಗಂಟೆಗಟ್ಟಲೆ ಕಾದ ಘಟನೆಗಳು ನಡೆದಿವೆ. ಆ ಮನೆಯವರನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ, ಆ ಗಳಿಗೆಯಲ್ಲಿ ಯಾರಾದರೂ ಏನನ್ನಾದರೂ ನಂಬುತ್ತಾರೆ. ಆದರೆ ಚರ್ಮದ ಮೇಲೆ ಸುರಿದ ಉಪ್ಪು ಶ್ವಾಸಕೋಶದ ನೀರನ್ನು ಎಳೆಯುವುದಿಲ್ಲ. ನಿಂತ ಉಸಿರನ್ನು ಅದು ತರಲಾರದು.

ಇನ್ನೊಂದು ಹಳೆಯ ಅಭ್ಯಾಸ, ಮುಳುಗಿದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು. ಇದೂ ತಪ್ಪು. ಹೊಟ್ಟೆಯಲ್ಲಿರುವುದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಜೊತೆಗೆ ಅಮೂಲ್ಯ ನಿಮಿಷಗಳು ಹಾಳು. ತರಬೇತಿಯಲ್ಲಿ ಕಲಿಸುವುದು ಬೇರೆ. ಉಸಿರು ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಬಾಯಿಂದ ಉಸಿರು ಕೊಟ್ಟು, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುವುದು. ದೊಡ್ಡವರಲ್ಲಿ ಎದೆ ಸುಮಾರು 5 ಸೆಂಟಿಮೀಟರ್ ಕೆಳಗಿಳಿಯಬೇಕು. 30 ಸಲ ಒತ್ತಿ 2 ಸಲ ಉಸಿರು, ಮತ್ತೆ 30. ಓದಿದರೆ ಸುಲಭ ಎನಿಸುತ್ತದೆ. ಬೊಂಬೆಯ ಮೇಲೆ ಎರಡು ನಿಮಿಷ ಒತ್ತಿ ನೋಡಿದವರಿಗೆ ಗೊತ್ತು, ತೋಳು ಸೋತುಹೋಗುತ್ತದೆ. ಹಾಗಾಗಿಯೇ ಇದನ್ನು ವಿಡಿಯೊ ನೋಡಿ ಕಲಿತೆ ಎನ್ನುವಂತಿಲ್ಲ. ಬೊಂಬೆ ಬೇಕು, ತಪ್ಪು ತಿದ್ದುವ ತರಬೇತುದಾರರು ಬೇಕು, ಅವರಿಗೆ ಸಂಭಾವನೆ ಬೇಕು. ಅನುದಾನದ ದುಡ್ಡು ಹೋಗಬೇಕಾದ್ದು ಇಂಥದ್ದಕ್ಕೆ.

ಇನ್ನೊಂದು ಪಾಠವೂ ಅಷ್ಟೇ ಮುಖ್ಯ: ಮುಳುಗುವವರ ಹತ್ತಿರ ನೀವು ಹೋಗಬೇಡಿ. ಕೋಲು ಚಾಚಿ, ಹಗ್ಗ ಎಸೆಯಿರಿ, ಮುಚ್ಚಳ ಹಾಕಿದ ಖಾಲಿ ಕೊಡ ಅಥವಾ ಕ್ಯಾನ್ ಎಸೆಯಿರಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ನೀರುಪಾಲಾದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ಮೋಸದ ಲಿಂಕ್ ಹೇಗೆ ಕೆಲಸ ಮಾಡುತ್ತದೆ?

ಇಂಥ ಸಂದೇಶಗಳಲ್ಲಿ ಎರಡು ಬಗೆ. ಮೊದಲನೆಯದು ಸಣ್ಣ ಮೊತ್ತ ಕೇಳುತ್ತದೆ, "ನೋಂದಣಿ ಶುಲ್ಕ", "ಗುರುತಿನ ಚೀಟಿ ಶುಲ್ಕ", "ಕಿಟ್ ಕೊರಿಯರ್ ವೆಚ್ಚ" ಎಂದು. ಮೊತ್ತ ಸಣ್ಣದಾದ್ದರಿಂದ ಕಳೆದುಕೊಂಡವರು ದೂರು ಕೊಡಲು ಹೋಗುವುದಿಲ್ಲ. ಎರಡನೆಯದು ಹಣವನ್ನೇ ಕೇಳುವುದಿಲ್ಲ. ಆಧಾರ್, ಬ್ಯಾಂಕ್ ಖಾತೆ, ಒಟಿಪಿ ಕೇಳುತ್ತದೆ, ಇಲ್ಲವೇ ಒಂದು ಆ್ಯಪ್ ಇನ್‌ಸ್ಟಾಲ್ ಮಾಡಿಸುತ್ತದೆ. "ಅನುದಾನ ಜಮಾ ಮಾಡಲು" ಎಂಬ ನೆಪ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹಣ ಹಾಕುವವರಿಗೆ ಖಾತೆಯ ವಿವರ ಕೊಡುವುದು ಸಹಜವಲ್ಲವೇ ಎಂದು ನಮಗೆ ಅನಿಸುತ್ತದೆ. ಈ ಎರಡನೆಯ ಬಗೆಯೇ ಹೆಚ್ಚು ಅಪಾಯಕಾರಿ.

ವಿಳಾಸವನ್ನು ನೋಡುವುದು ಒಂದು ಒಳ್ಳೆಯ ಪರೀಕ್ಷೆ. ಸರ್ಕಾರದ ಜಾಲತಾಣಗಳ ವಿಳಾಸ ಸಾಮಾನ್ಯವಾಗಿ "ಡಾಟ್ ಗವ್ ಡಾಟ್ ಇನ್" ಅಥವಾ "ಡಾಟ್ ನಿಕ್ ಡಾಟ್ ಇನ್" ಎಂದು ಮುಗಿಯುತ್ತದೆ. ಮುಗಿಯುತ್ತದೆ ಎಂಬ ಪದ ಗಮನಿಸಿ. ವಿಳಾಸದ ನಡುವೆ ಎಲ್ಲೋ "ಗವ್" ಎಂದಿದ್ದು ಕೊನೆಯಲ್ಲಿ "ಡಾಟ್ ಕಾಮ್" ಅಥವಾ "ಡಾಟ್ ಎಕ್ಸ್‌ವೈಜೆಡ್" ಇದ್ದರೆ ಅದು ಸರ್ಕಾರದ್ದಲ್ಲ. ರಾಷ್ಟ್ರಪಕ್ಷಿಯ ಚಿತ್ರ, ಅಶೋಕ ಸ್ತಂಭ, ಪ್ರಧಾನಿ ಅಥವಾ ಮುಖ್ಯಮಂತ್ರಿಯ ಫೋಟೊ ಇವೆಲ್ಲ ಯಾರು ಬೇಕಾದರೂ ಅಂಟಿಸಬಹುದು.

ಆದರೆ ಒಂದು ಮಾತು: ಶುಲ್ಕ ಕೇಳಿದರೆಲ್ಲ ಮೋಸ ಎಂದೂ ಅಲ್ಲ. ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ತರಗತಿಗೆ ಶುಲ್ಕ ತೆಗೆದುಕೊಳ್ಳುತ್ತವೆ, ಕೆಲವು ಆಸ್ಪತ್ರೆಗಳೂ ಹಾಗೆ ಮಾಡುತ್ತವೆ. ಅದು ಬಚ್ಚಿಡದ ವ್ಯವಹಾರ. ಸರ್ಕಾರದ ಉಚಿತ ಯೋಜನೆಯ ಹೆಸರು ಹೇಳಿ ಶುಲ್ಕ ಕೇಳಿದರೆ ಮಾತ್ರ ಎಚ್ಚರಾಗಬೇಕು.

"ನಿಮ್ಮ ಸಂಘ, ಟ್ರಸ್ಟ್ ಹೆಸರಲ್ಲಿ ತರಬೇತಿ ಅನುದಾನ ಮಂಜೂರು ಮಾಡಿಸಿಕೊಡುತ್ತೇವೆ, ಮೊದಲು ಇಷ್ಟು ಕಮಿಷನ್ ಕೊಡಿ" ಎಂಬ ಕರೆಗಳ ಬಗ್ಗೆ ಸ್ವಸಹಾಯ ಸಂಘಗಳು, ಯುವಕ ಮಂಡಳಗಳು ಎಚ್ಚರವಾಗಿರಬೇಕು. ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುವ ಸ್ವಯಂಸೇವಾ ಸಂಸ್ಥೆಗಳು ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳುತ್ತವೆ. ಆ ನೋಂದಣಿಯೂ ಉಚಿತ.

ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಫಾರ್ವರ್ಡ್ ಮಾಡುವವರಿಗೂ ಒಂದು ಕಾನೂನಿನ ವಿಷಯ. ವಿಪತ್ತಿನ ಬಗ್ಗೆ ಅಥವಾ ಅದರ ತೀವ್ರತೆಯ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರಲ್ಲಿ ಭೀತಿ ಹುಟ್ಟಿಸಿದರೆ 2005ರ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು. "ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ" ಎಂಬುದು ರಕ್ಷಣೆಯಲ್ಲ. ಆ ಸೆಕ್ಷನ್ ಸುಳ್ಳು ಎಚ್ಚರಿಕೆ ಸೃಷ್ಟಿಸುವವರನ್ನೂ ಅದನ್ನು ಹರಡುವವರನ್ನೂ ಒಟ್ಟಿಗೆ ಹೆಸರಿಸಿದೆ.

ನಿಜವಾದ ತರಬೇತಿಗೆ ಎಲ್ಲಿ ಕೇಳಬೇಕು?

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಧಿಕಾರಿಗಳಿಗೂ ಸ್ವಯಂಸೇವಕ ರಕ್ಷಕರಿಗೂ ತರಬೇತಿ ಏರ್ಪಡಿಸುವುದು, ಸಮುದಾಯಕ್ಕೆ ತರಬೇತಿ ಮತ್ತು ಅರಿವು ಮೂಡಿಸುವುದು ಅದರ ಕೆಲಸ. ಹಾಗಾಗಿ ಮೊದಲು ಹೋಗಬೇಕಾದ ಜಾಗ ಡಿಸಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಆದರೆ ಅದು ತುರ್ತು ಕರೆಗಳಿಗೆ ಇರುವ ಸಂಖ್ಯೆ, ಜೋರು ಮಳೆಯ ದಿನ ತರಬೇತಿಯ ವಿಚಾರಕ್ಕೆ ಅದನ್ನು ಒತ್ತಬೇಡಿ.

ಕಾಲೇಜಿನಲ್ಲಿ ಇರುವವರು ಎನ್‌ಎಸ್‌ಎಸ್ ಅಥವಾ ಎನ್‌ಸಿಸಿ ಅಧಿಕಾರಿಯನ್ನು ಕೇಳುವುದು ಸುಲಭ, ಯುವ ಆಪದ ಮಿತ್ರ ಆ ದಾರಿಯಿಂದಲೇ ಬರುತ್ತದೆ. ಪೌರರಕ್ಷಣಾ ದಳ ಇನ್ನೊಂದು ದಾರಿ. 2025ರ ಮೇ 7ರಂದು ದೇಶದಾದ್ಯಂತ ನಡೆದ ಅಣಕು ಕಾರ್ಯಾಚರಣೆಯಲ್ಲಿ ಸೈರನ್ ಹಾಕಿ, ಜನರನ್ನು ತೆರವು ಮಾಡಿಸಿದ ಸಂಸ್ಥೆ ಇದು. ಯುದ್ಧಕಾಲಕ್ಕೆಂದು 1968ರ ಕಾಯ್ದೆಯಿಂದ ಬಂದದ್ದಾದರೂ 2009ರ ತಿದ್ದುಪಡಿಯ ನಂತರ ವಿಪತ್ತು ನಿರ್ವಹಣೆಯೂ ಅದರ ಕೆಲಸವಾಗಿದೆ. ಅಲ್ಲಿಯೂ ಸ್ವಯಂಸೇವಕರಿಗೆ ತರಬೇತಿ ಉಂಟು. ಇನ್ನು ನಿಮ್ಮ ಹತ್ತಿರದ ಅಗ್ನಿಶಾಮಕ ಠಾಣೆ. ಶಾಲೆ, ಅಪಾರ್ಟ್‌ಮೆಂಟ್, ಗ್ರಾಮ ಪಂಚಾಯಿತಿಯವರು ಕೇಳಿಕೊಂಡರೆ ಪ್ರಾತ್ಯಕ್ಷಿಕೆ ಮಾಡಿ ತೋರಿಸುವ ರೂಢಿ ಅವರಲ್ಲಿದೆ.

ಪಂಚಾಯಿತಿಗೂ ಇದರಲ್ಲಿ ಹೊಣೆಯಿದೆ. ತನ್ನ ಅಧಿಕಾರಿಗಳು, ನೌಕರರು ವಿಪತ್ತು ನಿರ್ವಹಣೆಯ ತರಬೇತಿ ಪಡೆದಿರುವಂತೆ ಸ್ಥಳೀಯ ಸಂಸ್ಥೆ ನೋಡಿಕೊಳ್ಳಬೇಕು ಎಂದು 41ನೇ ಸೆಕ್ಷನ್ ಹೇಳುತ್ತದೆ. ನೀರುಗಂಟಿಗೆ, ಬಿಲ್ ಕಲೆಕ್ಟರ್‌ಗೆ ಸಿಪಿಆರ್ ಬರುತ್ತದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಅದು ತಲೆಹರಟೆ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ.

ನನಗೆ ಅನಿಸುವುದು ಇಷ್ಟು. ಬೆಳೆ ಪರಿಹಾರ ಬರದಿದ್ದರೆ ಜನ ರಸ್ತೆಗೆ ಇಳಿಯುತ್ತಾರೆ, ಪತ್ರಿಕೆ ಬರೆಯುತ್ತದೆ, ಶಾಸಕರು ಉತ್ತರ ಕೊಡಬೇಕಾಗುತ್ತದೆ. ತರಬೇತಿ ಆಗದಿದ್ದರೆ ಯಾರಿಗೂ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಆ ಹತ್ತು ರೂಪಾಯಿಯ ಪಾಲಿನ ಬಗ್ಗೆ ಪ್ರಶ್ನೆಗಳು ಕಡಿಮೆ, ಹಾಗಾಗಿ ಉತ್ತರ ಕೊಡುವ ಒತ್ತಡವೂ ಕಡಿಮೆ.

ಕೇಳುವ ದಾರಿ ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಉದ್ದ ಬರೆದು ತಿರಸ್ಕೃತವಾದ ಅರ್ಜಿಗಳು ಬೇಕಾದಷ್ಟಿವೆ, ಆದ್ದರಿಂದ ಚಿಕ್ಕದಾಗಿ ಬರೆಯಿರಿ. ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯುವ ಅರ್ಜಿಯ ಒಕ್ಕಣೆ ಹೀಗಿರಬಹುದು:

"ವಿಷಯ: ವಿಪತ್ತು ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿ ಅನುದಾನದ ಬಳಕೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿ ಭಾಗದಿಂದ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ನಮ್ಮ ಜಿಲ್ಲೆಗೆ ಬಿಡುಗಡೆಯಾದ ಮತ್ತು ಖರ್ಚಾದ ಹಣದ ವರ್ಷವಾರು ವಿವರ, ಆ ಹಣದಲ್ಲಿ ನಡೆದ ತರಬೇತಿಗಳ ದಿನಾಂಕ ಮತ್ತು ಸ್ಥಳ, ತಾಲ್ಲೂಕುವಾರು ತರಬೇತಿ ಪಡೆದವರ ಸಂಖ್ಯೆ, ಆಪದ ಮಿತ್ರ ಯೋಜನೆಯಡಿ ವಿತರಿಸಿದ ಕಿಟ್‌ಗಳ ಸಂಖ್ಯೆ, ಹಾಗೂ ಮುಂದಿನ ತರಬೇತಿಗೆ ಸ್ವಯಂಸೇವಕರನ್ನು ಆಯ್ಕೆ ಮಾಡುವ ಕುರಿತು ಹೊರಡಿಸಿರುವ ಸುತ್ತೋಲೆಯ ದೃಢೀಕೃತ ಪ್ರತಿ ನೀಡಲು ಕೋರುತ್ತೇನೆ."